ನೂರ ಹದಿನೇಳನೆಯ ಕೀರ್ತನೆಯ ಹಕ್ಕುದಾರರಿಗೆ

ದೇವಾಪುರ, ಸುರಪುರ ತಾಲೂಕು
ಫಸಲಿ ೧೩೫೦, ಬಹಮನ್ ಮಾಹೆ
(ತಮ್ಮ ಕ್ಯಾಲೆಂಡರಿನಂತೆ ೧೯೪೦ರ ಡಿಸೆಂಬರ್ ಹನ್ನೆರಡು)

ಕೀರ್ತನ ಪುಸ್ತಕ ಪ್ರಕಾಶನ ಕಂಪನಿಯ ಹಕ್ಕು ವಿಭಾಗದ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ದೇವಾಪುರದ ನಲವತ್ತೊಂದು ಮಂದಿಯ ಕ್ರೈಸ್ತ ಸಭೆಯೂ, ಆ ಸಭೆಯ ಶಾಲೆಯಲ್ಲಿ ಅಕ್ಷರ ತಿದ್ದಿಸುವ ಈ ಬಡ ಮಾಸ್ತರನೂ ಒಟ್ಟಾಗಿ ಸಲ್ಲಿಸುವ ಅನಂತ ವಂದನೆಗಳನ್ನು ತಾವು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು. ಮೂರು ಮೊಹರುಗಳನ್ನು ಧರಿಸಿದ ತಮ್ಮ ನೋಟೀಸು ಕಳೆದ ತಿಂಗಳು ಟಪಾಲಿನ ಅಬ್ದುಲ್ ಕರೀಮರ ಕೈಯಲ್ಲಿ ನಮ್ಮೂರಿಗೆ ದಯಮಾಡಿಸಿತು. ಅಷ್ಟು ದಪ್ಪನೆಯ ಕಾಗದ ಈ ಊರಿಗೆ ಹಿಂದೆಂದೂ ಬಂದಿರಲಿಲ್ಲವಾದ್ದರಿಂದ ಮೊದಲು ಎಲ್ಲರೂ ಅದನ್ನು ಒಂದೊಂದು ಸಲ ಮುಟ್ಟಿ ನೋಡಿದರು, ಆಮೇಲೆ ನಾನು ಓದಿದೆ.

ಓದಿ ತಿಳಿದದ್ದೇನೆಂದರೆ, ತಮ್ಮ ಪುಸ್ತಕದ ನೂರ ಹದಿನೇಳನೆಯ ಕೀರ್ತನೆಯನ್ನು ನಮ್ಮ ಸಭೆಯು ಸುರಪುರದ ಕೂಟದಲ್ಲಿ ತಮ್ಮ ಲಿಖಿತ ಅನುಮತಿಯಿಲ್ಲದೆ ಹಾಡಿದೆ. ಕರ್ತೃ ಅಜ್ಞಾತನಾಗಿರುವುದರಿಂದ ಅದರ ಸಮಸ್ತ ಹಕ್ಕುಗಳೂ ತಮ್ಮವು. ಅರ್ಜಿ ಮಂಜೂರಾಗುವವರೆಗೆ ಯಾರೂ ಅದನ್ನು ಹಾಡಕೂಡದು. ಕಾನೂನನ್ನು ಇಷ್ಟು ಚೊಕ್ಕವಾಗಿ ಬಲ್ಲ ಮಹನೀಯರು ನಮ್ಮೂರಿನ ಪದವೊಂದನ್ನು ತಮ್ಮದೆಂದು ಹೇಳಿಕೊಂಡರಲ್ಲ ಎಂದು ನನಗೆ ಎದೆಯುಬ್ಬಿ ಬಂತು. ಅಜ್ಞಾತ ಕರ್ತೃ ಮಾತ್ರ ಆಗ ನನ್ನೆದುರಿನ ಚಾಪೆಯ ಮೇಲೆ ಕುಳಿತು ಎಲೆ ಅಡಿಕೆ ಅಗಿಯುತ್ತಿದ್ದಳು.

ಆಕೆಯ ಹೆಸರು ಭೀಮವ್ವ, ವಯಸ್ಸು ಎಪ್ಪತ್ತರ ಮೇಲೆ, ಮನೆ ಶಾಲೆಯ ಪಕ್ಕಕ್ಕೆ. ಗಂಡ ತೀರಿಕೊಂಡ ವರ್ಷ ಆಕೆ ಜೋಳ ಬೀಸುತ್ತ ಬೀಸುತ್ತ ಈ ಪದ ಕಟ್ಟಿದಳು. ಧಾಟಿ ತಾಯಿಯದು, ತಾಯಿಗೆ ಅದು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ನಾಲ್ಕು ವರ್ಷದ ಹಿಂದೆ ತಮ್ಮ ಪ್ರತಿನಿಧಿಗಳು ಬಂದು, ಶಾಲೆಗಿರುವ ಒಂದೇ ಕುರ್ಚಿಯನ್ನು ಅಲಂಕರಿಸಿ, ಪದವನ್ನು ಬರೆದುಕೊಂಡು, ಇದು ಯಾರದು ಎಂದು ಕೇಳಿದರು. ನಮ್ಮ ಸೀಮೆಯಲ್ಲಿ ಪದ ಕಟ್ಟಿದವರು ನನ್ನದು ಎನ್ನುವ ವಾಡಿಕೆಯಿಲ್ಲ. ಕೊನೆಯ ನುಡಿಯಲ್ಲಿ ತಾವು ನಂಬಿದ ದೇವರ ಅಂಕಿತ ಹಾಕಿ ಕೈಮುಗಿದುಬಿಡುತ್ತಾರೆ. ಅಬ್ಬೆತುಮಕೂರಿನ ಮಠದ ದಾರಿಯಲ್ಲಿ ಭಜನೆ ಮಾಡುವವರೂ ಹಾಗೆಯೇ, ನಾವೂ ಹಾಗೆಯೇ. ಆದ್ದರಿಂದ ಭೀಮವ್ವ ಸೆರಗೆಳೆದುಕೊಂಡು, “ನಂದೆಲ್ಲಿದ್ದೀತ್ರಿ, ಆತಂದು” ಎಂದು ಮೇಲಕ್ಕೆ ಕೈತೋರಿಸಿದಳು. ಪ್ರತಿನಿಧಿಗಳು ಮೇಲೆ ನೋಡಿದರು. ಜಂತಿಯ ಹೊರತು ಬೇರೇನೂ ಕಾಣದ್ದರಿಂದ ‘ಕರ್ತೃ ಅಜ್ಞಾತ’ ಎಂದು ಬರೆದುಕೊಂಡು ಹೊರಟರು.

ತಾವು ಕೃಪೆಯಿಟ್ಟು ಕಳಿಸಿದ ಅರ್ಜಿಯ ನಮೂನೆಯನ್ನು ತುಂಬಲು ನಾನು ಸ್ನಾನ ಮಾಡಿ ಕುಳಿತೆ. ಕರ್ತೃವಿನ ಹೆಸರು ಎಂಬಲ್ಲಿ ಭೀಮವ್ವ ಎಂದು ಬರೆಯಹೋದರೆ ಆಕೆ ನನ್ನ ಕೈ ಹಿಡಿದು, ಅಂಕಿತದಲ್ಲಿ ಇರುವುದನ್ನೇ ಬರೆಯಬೇಕೆಂದು ಹಟ ಹಿಡಿದಳು. ಅಂಕಿತದಲ್ಲಿರುವುದು ‘ದೇವಾಪುರದೊಡೆಯ ಯೇಸು’. ಸರಿ, ಹಾಗೆಯೇ ಬರೆದೆ. ಹಾಲಿ ವಿಳಾಸ ಎಂಬಲ್ಲಿ ‘ಎಲ್ಲೆಲ್ಲೂ’ ಎಂದು ತುಂಬಿದೆ. ಮುಂದಿನ ಕಲಮಿನಲ್ಲಿ ಕರ್ತೃ ತೀರಿಕೊಂಡ ದಿನಾಂಕ ಕೇಳಿದ್ದೀರಿ, ತೀರಿಕೊಂಡ ಐವತ್ತು ವರ್ಷಕ್ಕೆ ಕೃತಿಯು ಸರ್ವರ ಸ್ವತ್ತಾಗುವುದೆಂದು ಕೆಳಗೆ ಸಣ್ಣಕ್ಷರದಲ್ಲಿ ಹೇಳಿದ್ದೀರಿ. ಇಲ್ಲಿ ನನ್ನ ಲೇಖನಿ ನಿಂತಿತು. ಕರ್ತೃ ಶುಕ್ರವಾರ ತೀರಿಕೊಂಡದ್ದು ನಿಜ, ಸಾಕ್ಷಿಗಳು ಬೇಕಾದಷ್ಟಿದ್ದಾರೆ. ಆದರೆ ಭಾನುವಾರ ಬೆಳಿಗ್ಗೆ ಎದ್ದುಬಂದದ್ದೂ ಅಷ್ಟೇ ನಿಜ, ತಾವೇ ಅದನ್ನು ಅಚ್ಚುಹಾಕಿ ಮಾರುತ್ತಿದ್ದೀರಿ. ಶುಕ್ರವಾರದಿಂದ ಎಣಿಸಿದರೆ ಐವತ್ತು ವರ್ಷ ಮುಗಿದು ಯಾವ ಕಾಲವಾಯಿತೋ. ಭಾನುವಾರವನ್ನು ಹಿಡಿದರೆ ಐವತ್ತು ವರ್ಷ ಇನ್ನೂ ಶುರುವೇ ಆಗಿಲ್ಲ, ಆಗುವ ಲಕ್ಷಣವೂ ಇಲ್ಲ. ಕರ್ತೃ ಇನ್ನೊಮ್ಮೆ ಬರುವವನಿದ್ದಾನೆಂದೂ ತಮ್ಮ ಪುಸ್ತಕದಲ್ಲೇ ಇದೆ. ಬಂದಾಗ ಸಹಿಗಾಗಿ ಮೊದಲು ತಮ್ಮ ವಿಭಾಗಕ್ಕೆ ಕಳಿಸಬೇಕೋ ಹೇಗೆ, ಅಪ್ಪಣೆಯಾಗಲಿ.

ತಮ್ಮ ಆಜ್ಞೆಯನ್ನು ನಾವು ಅಕ್ಷರಶಃ ಪಾಲಿಸುತ್ತಿದ್ದೇವೆ. ಹುಲಗಪ್ಪನ ಎತ್ತುಗಳಿಗೆ ಆರು ವರ್ಷದಿಂದ ಆ ಧಾಟಿಗೇ ಹೆಜ್ಜೆಯಿಟ್ಟು ರೂಢಿ. ಆತ ಬಾಯಿ ಮುಚ್ಚಿಕೊಂಡು ಗಾಡಿ ಹೂಡಿದ್ದರಿಂದ ಅವು ಸುರಪುರದ ದಾರಿಯ ನಟ್ಟನಡುವೆ ನಿಂತುಬಿಟ್ಟವು, ತಮ್ಮ ನೋಟೀಸನ್ನು ಎರಡು ಸಲ ಓದಿ ಹೇಳಿದರೂ ಕದಲಲಿಲ್ಲ. ಅಯ್ಯಮ್ಮನ ಕೂಸು ಬೇರೆ ಪದಕ್ಕೆ ಮಲಗಲೊಲ್ಲದು. ಇನ್ನು ನೋಟೀಸು ತಂದ ಅಬ್ದುಲ್ ಕರೀಮರು ದಾರಿಯುದ್ದಕ್ಕೂ ಅದೇ ಧಾಟಿಯಲ್ಲಿ ಸಿಳ್ಳೆ ಹಾಕುತ್ತ ಬಂದಿದ್ದರೆಂಬುದನ್ನು ಪ್ರಾಮಾಣಿಕವಾಗಿ ತಮಗೆ ವರದಿ ಮಾಡಬೇಕಾಗಿದೆ. ಅವರು ನಮ್ಮ ಸಭೆಯವರಲ್ಲ, ಹೀಗಾಗಿ ಅವರ ಸಿಳ್ಳೆಗೆ ನಾವು ಜವಾಬ್ದಾರರಲ್ಲ.

ಕೆಲವು ಸಣ್ಣ ಸಂದೇಹಗಳಿವೆ. ತುಟಿ ತೆರೆಯದೆ ಗುನುಗಿದರೆ ಅದು ಅರ್ಧ ಅಪರಾಧವೇ, ಪೂರ್ತಿಯೇ? ಕನಸಿನಲ್ಲಿ ಹಾಡಿದವರ ಮೇಲೆ ಯಾವ ಅದಾಲತ್ತಿನಲ್ಲಿ ದಾವೆ ಹೂಡುತ್ತೀರಿ? ತಮ್ಮ ನೋಟೀಸಿನ ಕಾನೂನು ಬ್ರಿಟಿಷ್ ಸರ್ಕಾರದ್ದು, ನಾವೋ ನಿಜಾಮ ಸರ್ಕಾರದ ಪ್ರಜೆಗಳು. ಬ್ರಿಟಿಷ್ ಸೀಮೆಯಲ್ಲಿರುವ ತಾಳಿಕೋಟೆಯ ಬೀಗರ ಮನೆಗೆ ಹೋಗುವಾಗ ಸರಹದ್ದಿನ ಕಲ್ಲಿನ ಹತ್ತಿರ ಪದವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ತಿರುಗಿ ಬರುವಾಗ ಹಾಡಬಹುದೇ? ಕಲಿತ ಪದವನ್ನು ಮರೆಯಲು ಎಷ್ಟು ದಿನದ ಗಡುವಿದೆ, ಮರೆತಿದ್ದೇವೆಂದು ಯಾರೆದುರು ಹಾಡಿ ತೋರಿಸಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಇಷ್ಟೆಲ್ಲ ನಗೆಯಾಡಿದ ಮೇಲೆ ನಿಜವನ್ನೂ ಹೇಳಿಬಿಡುತ್ತೇನೆ. ನೋಟೀಸು ಓದಿ ಮುಗಿಸಿದಾಗ ಭೀಮವ್ವ ನನ್ನನ್ನು ಕೇಳಿದಳು: “ಹಂಗಾರ ನಾ ಇಷ್ಟು ದಿನ ಮಂದೀದು ಕದ್ದು ಹಾಡಿದ್ನೇನ್ರಿ ಮಾಸ್ತರ?” ಅಂದಿನಿಂದ ಆಕೆ ಒಂದು ಸೊಲ್ಲೂ ಹಾಡದೆ ಬೀಸುತ್ತಿದ್ದಾಳೆ. ನಮ್ಮಲ್ಲಿ ಕ್ರಿಸ್ಮಸ್ ಆರಾಧನೆ ಶುರುವಾಗುವುದೇ ಆಕೆಯ ಪದದಿಂದ. ಹಬ್ಬಕ್ಕೆ ಹದಿಮೂರು ದಿನ ಉಳಿದಿವೆ, ಈ ಸಲ ಚರ್ಚಿಗೇ ಬರುವುದಿಲ್ಲ ಎನ್ನುತ್ತಾಳೆ. ಕಳ್ಳಿ ಎನಿಸಿಕೊಂಡು ಯಾವ ಮುಖ ಹೊತ್ತು ಬರಲಿ ಎಂದು ಕೇಳುತ್ತಾಳೆ. ನನಗೆ ವಿಪರೀತ ಸಿಟ್ಟು ಬಂದಿದೆ, ಮಾನ್ಯರೇ. ಇಷ್ಟು ವಿನಯದಿಂದ ನಾನು ಬರೆಯುತ್ತಿರುವುದು ಅದಕ್ಕಾಗಿಯೇ.

ಇಲ್ಲಿಯವರೆಗೆ ಬರೆದು ಆಕೆಗೆ ಓದಿ ಹೇಳಿದೆ. ಆಕೆ ನಗಲಿಲ್ಲ. ಆ ಕಂಪನಿಯವರು ಪದವನ್ನು ಹಾಡುತ್ತಾರೋ, ಬರೀ ಇಟ್ಟುಕೊಂಡಿದ್ದಾರೋ ಎಂದು ವಿಚಾರಿಸಿದಳು. ಇಟ್ಟುಕೊಂಡಿರುವುದು ಖಂಡಿತ, ಹಾಡುವ ಸುದ್ದಿ ಕೇಳಿಲ್ಲ ಎಂದೆ. ಅದಕ್ಕೆ ಆಕೆ, “ಅಯ್ಯ ಪಾಪ, ಹಾಡ್ರಿ ಅಂತ ಬರೀರಿ. ಅಂಜಬ್ಯಾಡ್ರಿ ಅನ್ರಿ, ನಾ ಏನೂ ಅನ್ನೂದಿಲ್ಲ” ಎಂದಳು. ಆದಕಾರಣ ತಮ್ಮ ಕಂಪನಿಯ ಮ್ಯಾನೇಜರರಿಂದ ಹಿಡಿದು ಬಾಗಿಲು ಕಾಯುವ ಜವಾನರವರೆಗೆ ಸಕಲರಿಗೂ ನೂರ ಹದಿನೇಳನೆಯ ಕೀರ್ತನೆಯನ್ನು ಹಾಡಲು ಈ ಕಾಗದದ ಮೂಲಕ ಭೀಮವ್ವನ ಅನುಮತಿಯನ್ನು ದಯಪಾಲಿಸಲಾಗಿದೆ. ಆಕೆಯ ಹೆಬ್ಬೆಟ್ಟು ಕೆಳಗಿದೆ. ಒತ್ತಿದವಳು ಆ ಗುರುತನ್ನೇ ದಿಟ್ಟಿಸಿ ನೋಡುತ್ತ ಕುಳಿತಳು. ಅನುಮತಿ ಕೊಡುವವಳು ತಾನಾದರೆ ಕದ್ದವಳು ಹೇಗಾದೇನು ಎಂದು ಆಕೆಗೆ ಹೊಳೆದಿರಬೇಕು, ಏಕೆಂದರೆ ಸರಕ್ಕನೆ ಎದ್ದು ಮನೆಗೆ ಹೋದಳು. ನಾನು ಈ ಸಾಲುಗಳನ್ನು ಬರೆಯುತ್ತಿರುವಾಗ ಗೋಡೆಯಾಚೆ ಬೀಸುಕಲ್ಲು ತಿರುಗುತ್ತಿದೆ, ತಮ್ಮ ಸಮಸ್ತ ಹಕ್ಕುಗಳುಳ್ಳ ಕೀರ್ತನೆ ಓಣಿಗೆಲ್ಲ ಕೇಳುತ್ತಿದೆ, ನಾನು ತಡೆಯುತ್ತಿಲ್ಲ.

ಮಂಜೂರಾತಿಗೆ ಇನ್ನು ಕಾಯಲಾರದ ತಮ್ಮ ವಿಶ್ವಾಸಿ,
ಲಾಲಪ್ಪ ಮಾಸ್ತರ

ವಿ.ಸೂ.: ಎರಡನೆಯ ನುಡಿಯಲ್ಲಿ ಭೀಮವ್ವ ಹಾಡುವುದು ತನ್ನ ಮನಸ್ಸನ್ನು ಜೋಳದ ಹಿಟ್ಟಿನಂತೆ ಬೆಳ್ಳಗೆ ಮಾಡು ಎಂದು. ತಮ್ಮ ಪುಸ್ತಕದಲ್ಲಿ ಅದನ್ನು ತಿದ್ದಿ ‘ಹಿಮದಂತೆ’ ಎಂದು ಅಚ್ಚುಹಾಕಿದ್ದೀರಿ. ಇಲ್ಲಿ ಹಿಮವನ್ನು ಕಂಡವರಿಲ್ಲ, ಬೀಸಿದವರಂತೂ ಇಲ್ಲವೇ ಇಲ್ಲ. ಆ ಒಂದು ಸಾಲು ಸಂಪೂರ್ಣವಾಗಿ ತಮ್ಮದೇ ಎಂದು ನಲವತ್ತೊಂದು ಮಂದಿಯೂ ಕೈಯೆತ್ತಿ ಒಪ್ಪಿದ್ದಾರೆ. ತಾವು ಅನುಮತಿ ಕೊಟ್ಟರೂ ನಾವು ಅದನ್ನು ಹಾಡುವುದಿಲ್ಲ.