ಮರ್ಯಾದೆ ಕೊಟ್ಟರೆ ಮೋಸ

ಆಗಸ್ಟ್ ಹನ್ನೆರಡು, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತೆ. ಹೊತ್ತು ಬರೆದಿಡುವುದು ನನ್ನ ಅಭ್ಯಾಸ. ಮದ್ದೂರಿನ ನಮ್ಮ ಮನೆಯಲ್ಲಿ ಹಸು ಕರು ಹಾಕಿದ ಗಳಿಗೆಯೂ ಅಣ್ಣ ಸುಳ್ಳು ಹೇಳಿದ ಗಳಿಗೆಯೂ ನನ್ನ ದಿನಚರಿಯಲ್ಲಿ ಸಿಗುತ್ತವೆ. ಇಷ್ಟು ಕಟ್ಟುನಿಟ್ಟಾಗಿ ಇರುವವಳಿಗೆ ಯಾರೂ ಟೋಪಿ ಹಾಕಲಾರರು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಅತ್ತಿಗೆಗೆ ಮನೆಯಲ್ಲೇ ಕೂತು ಮಾಡುವ ಒಂದು ಕೆಲಸ ಬೇಕಿತ್ತು. ಡೇರಿಗೆ ಹಾಲು ಹಾಕಿ ಕೂಡಿಸಿದ ಹಣವಿತ್ತು. ಅದರಲ್ಲಿ ಸ್ವಂತದ್ದೊಂದು ಕಸುಬು ಶುರುಮಾಡಿ, ಮಗುವಿನ ಬಿಸ್ಕತ್ತಿಗೂ ಅಣ್ಣನ ಜೇಬು ನೋಡುವುದನ್ನು ಬಿಡಬೇಕೆಂಬುದು ಅವಳ ಆಸೆ. ಯಾವ ಕೆಲಸ ನಿಜ, ಯಾವುದು ಮೋಸ ಎಂದು ಪರೀಕ್ಷಿಸುವ ಹುದ್ದೆ, ಬಿ.ಕಾಂ. ಮುಗಿಸಿ ಕೂತಿದ್ದ ನನಗೆ ಬಂತು. ಸಂಬಳವಿಲ್ಲ, ಕಾಫಿ ಉಂಟು.

ಮನೆಯಲ್ಲೇ ಪೆನ್ಸಿಲ್ ಪ್ಯಾಕಿಂಗ್, ಮನೆಯಲ್ಲೇ ಟೈಪಿಂಗ್, ಮಲಗಿಕೊಂಡೇ ವಿಡಿಯೊಗಳಿಗೆ ಲೈಕ್ ಒತ್ತುವ ಉದ್ಯೋಗ ಎಂದು ಹನ್ನೊಂದು ಕರೆಗಳು ಬಂದವು. ಮೊದಮೊದಲು ನನ್ನ ಪರೀಕ್ಷೆ ಕಾಲೇಜಿನ ರೀತಿಯದು. ಕೆಲಸಕ್ಕೆ ಮೊದಲೇ ಹಣ ಕೇಳಿದರೆ ಮೋಸ; ವಿಳಾಸ ಕೇಳಿದಾಗ ಮಾತು ಬದಲಿಸಿದರೆ ಮೋಸ; 'ಸಂಜೆಯೊಳಗೆ ಸೇರಿಕೊಳ್ಳಿ' ಎಂದರಂತೂ ಖಂಡಿತ ಮೋಸ. ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ದಿನ ಪೆನ್ಸಿಲ್‌ನವನ ಮಾತನ್ನು ಸ್ಪೀಕರಿನಲ್ಲಿ ಕೇಳಿಸಿಕೊಂಡ ಅತ್ತಿಗೆ, ಅವರೆಕಾಯಿ ಸುಲಿಯುತ್ತಲೇ ತೀರ್ಪು ಕೊಟ್ಟಳು.

"ಅವ್ನು ಕಳ್ಳ ಕಣಮ್ಮಿ. ಮೂರ್ ಸಲ 'ದಯವಿಟ್ಟು ಮೇಡಂ' ಅಂದ. ಕೆಲ್ಸ ಕೊಡೋರು ಯಾರಾರ ದಯವಿಟ್ಟು ಅಂತಾರಾ? ನಮ್ಮಪ್ಪ ಕಬ್ಬು ಕಡಿಯಕ್ಕೆ ಆಳು ಕರೀವಾಗ ಅವ್ರ ವಂಸಾನೇ ಜಾಲಾಡ್ತಿದ್ದ. ಕೂಲಿ ಮಾತ್ರ ಒತ್ತು ಮುಳುಗೋದ್ರೊಳ್ಗೆ ಕೈಗಿಡ್ತಿದ್ದ."

ಅವಳ ಮಾತಿನಲ್ಲಿ ಹುರುಳಿತ್ತು. ನಮ್ಮ ಸೀಮೆಯಲ್ಲಿ ಪ್ರೀತಿ ಕೂಡ ಬೈಗುಳದ ದಾರಿಯಲ್ಲೇ ಬರುತ್ತದೆ. ನಾವು ನೆಂಟರನ್ನು ಊಟಕ್ಕೆ ಎಬ್ಬಿಸುವುದನ್ನು ಕೇಳಿದ ಹೊರಗಿನವರು ಜಗಳ ಬಿಡಿಸಲು ಓಡಿಬಂದದ್ದುಂಟು. ದಿನಚರಿ ತಿರುವಿ ನೋಡಿದೆ. ಹನ್ನೊಂದು ಕರೆಗಳಲ್ಲೂ 'ಮೇಡಂ'! ಉಳಿದ ಪರೀಕ್ಷೆಗಳನ್ನೆಲ್ಲ ಆವತ್ತೇ ಹೊಡೆದುಹಾಕಿ ಇದೊಂದನ್ನೇ ಉಳಿಸಿಕೊಂಡೆ.

ಹನ್ನೆರಡನೆಯವನು ಮಳವಳ್ಳಿಯಿಂದ ಮಾತಾಡಿದ. ದೀಪದ ಬತ್ತಿ ಹೊಸೆಯುವ ಯಂತ್ರವನ್ನು ಅವನಿಂದ ನಾವು ಕೊಳ್ಳಬೇಕು. ಹತ್ತಿ ಅವನೇ ಕೊಡುತ್ತಾನೆ, ಬತ್ತಿಯನ್ನೂ ಅವನೇ ಕೊಳ್ಳುತ್ತಾನೆ. ನಾನು ಹಳೆಯ ಚಟಕ್ಕೆ ಒಪ್ಪಂದದ ಕಾಗದ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನು ಸಿಡಿದ.

"ಏನಮ್ಮಿ, ಸಂಬಂಧ ಬೆಳ್ಸಕ್ ಬಂದಿದೀಯಾ, ಇಷ್ಟೊಂದ್ ಇಚಾರ್ಸಕ್ಕೆ? ಬೇಕಾರೆ ತಕೊ, ಬ್ಯಾಡ್ದಿದ್ರೆ ಬುಡು. ಅಲಗೂರಲ್ಲಿ ಜನ ಸಾಲ್ಗೆ ನಿಂತವ್ರೆ. ಮಡುಗು ಫೋನ!"

ನಾವಿಬ್ಬರೂ ಮುಖ ನೋಡಿಕೊಂಡೆವು. ಎಂಥ ಪ್ರಾಮಾಣಿಕ ಮನುಷ್ಯ! ಮತ್ತೆ ನಾವೇ ಫೋನ್ ಮಾಡಿ, ಇನ್ನಷ್ಟು ಬೈಸಿಕೊಂಡು, ಅತ್ತಿಗೆಯ ಹಣವನ್ನು ಪೂರ್ತಿ ಕಳಿಸಿದೆವು. ಒತ್ತಾಯ ನನ್ನದೇ.

ಯಂತ್ರ ಬಂತು, ಹತ್ತಿಯೂ ಬಂತು. ಮೊದಲ ಮೂಟೆ ಬತ್ತಿಯನ್ನು, "ಇದೇನ್ ಬತ್ತಿಯಾ, ಎತ್ತಿನ ಮೂಗುದಾರವಾ?" ಎಂದು ಉಗಿದು ಹಿಂದಕ್ಕೆ ಕಳಿಸಿದ. ನಮ್ಮ ನಂಬಿಕೆ ಇನ್ನೂ ಗಟ್ಟಿಯಾಯಿತು. ನಾಚಿಕೆಪಟ್ಟುಕೊಂಡು ಮತ್ತೆ ಹೊಸೆದೆವು. ಎರಡನೆಯ ಮೂಟೆಗೆ ಬೈಯಲು ಅವನು ಫೋನನ್ನೇ ಎತ್ತಲಿಲ್ಲ.

ಇಬ್ಬರೂ ಮಳವಳ್ಳಿಗೆ ಹೋದೆವು. ಅವನ ಮಳಿಗೆಗೆ ಬೀಗ ಬಿದ್ದಿತ್ತು. ಪಕ್ಕದ ಟೀ ಅಂಗಡಿಯವನು ಬೆಂಚು ಒರೆಸಿ, "ಕೂತ್ಕೊಳ್ಳಿ ತಾಯಿ. ಅವ್ರು ಖಾಲಿ ಮಾಡ್ಕೊಂಡು ಓದ್ರು. ನಿಮ್ಮಂಗೇ ಸುಮಾರ್ ಜನ ಬಂದು ಓಗವ್ರೆ. ದಯವಿಟ್ಟು ಒಂದು ಕಂಪ್ಲೇಂಟ್ ಕೊಡಿ" ಎಂದ.

ದಯವಿಟ್ಟು! ಅತ್ತಿಗೆ ನನ್ನ ಮೊಣಕೈ ಚಿವುಟಿದಳು. ಇವನ್ಯಾರೋ ನಮ್ಮವನಿಗೆ ಆಗದವನು ಎಂದುಕೊಂಡು, ಟೀ ಕೂಡ ಮುಟ್ಟದೆ, ಕಡೆಯ ಬಸ್ಸಿನವರೆಗೆ ಆ ಬೀಗದ ಮುಂದೆಯೇ ನಿಂತಿದ್ದೆವು.

ಪೊಲೀಸರಿಗೆ ದೂರು ಕೊಟ್ಟದ್ದು ಅದಾದ ವಾರದ ಮೇಲೆ. ಅತ್ತಿಗೆ ಈಗ ಬತ್ತಿಯನ್ನು ಪೊಟ್ಟಣ ಕಟ್ಟಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿ ಅಂಗಡಿ ತಿರುಗುತ್ತಾಳೆ. ಹಣ ಹೋಯಿತೆಂದು ಖಾತ್ರಿಯಾದ ದಿನ ಅವಳು ನನ್ನನ್ನು ಚೆನ್ನಾಗಿ ಬೈಯಬಹುದೆಂದು ಕಾದೆ. ಬೈಯಲಿಲ್ಲ. ಇವತ್ತು ಮೂರು ಗಂಟೆಗೆ ಲೋಟವನ್ನು ಮುಂದಿಟ್ಟು, "ಕಾಫಿ ತಗೊಳ್ಳಿ" ಎಂದು ಬಹಳ ಮರ್ಯಾದೆಯಿಂದ ಹೇಳಿ ಹೋದಳು. ಹತ್ತು ನಿಮಿಷ ಆ ಲೋಟವನ್ನೇ ನೋಡುತ್ತಿದ್ದು, ಆಮೇಲೆ ಇದನ್ನು ಬರೆಯಲು ಕುಳಿತೆ.

ಆ ಬತ್ತಿಯವನು ಈಗ ಯಾವ ಊರಿನಲ್ಲಿ, ಯಾವ ಯಂತ್ರ ಮಾರುತ್ತಿದ್ದಾನೆಂದು ಬಲ್ಲವರು ನನಗೆ ಒಂದು ಸಾಲು ಬರೆದು ತಿಳಿಸಿ. ಬೈದು ಮಾತ್ರ ಬರೆಯಬೇಡಿ, ನಂಬಿಬಿಡುತ್ತೇನೆ.