ನಿದ್ದೆಗೂ ಹಾಜರಿ

ವರದಿ ಒಪ್ಪಿಸದೆ ಮನುಷ್ಯ ಮಾಡಬಹುದಾದ ಕೆಲಸ ಈ ಲೋಕದಲ್ಲಿ ಒಂದೇ ಉಳಿದಿದೆ, ಅದು ನಿದ್ದೆ ಎಂದು ನಾನು ಅರವತ್ಮೂರು ವರ್ಷ ನಂಬಿಕೊಂಡಿದ್ದೆ. ಹುಟ್ಟಿದ್ದಕ್ಕೆ ದಾಖಲೆ ಬೇಕು, ಸತ್ತಿದ್ದಕ್ಕೆ ದಾಖಲೆ ಬೇಕು, ನಿವೃತ್ತಿಯಾದ ಮೇಲೆ ಇನ್ನೂ ಬದುಕಿದ್ದೇನೆ ಎಂಬುದಕ್ಕೆ ವರ್ಷಕ್ಕೊಮ್ಮೆ ದಾಖಲೆ ಬೇಕು. ಆದರೆ ಕಣ್ಣು ಮುಚ್ಚಿದ ಮೇಲೆ ಎಂಥ ಮೇಲಧಿಕಾರಿಯೂ ಬಂದು "ಎಷ್ಟು ತಾಸು ಮಲಗಿದಿರಿ, ಸಹಿ ಎಲ್ಲಿ?" ಎಂದು ಕೇಳುವಂತಿರಲಿಲ್ಲ. ಆ ಕೊನೆಯ ಸ್ವಾತಂತ್ರ್ಯವೂ ಕಳೆದ ಬೇಸಿಗೆಯಲ್ಲಿ ಹೋಯಿತು. ಹೋದ ಬಗೆಯನ್ನು ಹೇಳಿದರೆ ನನ್ನ ಮರ್ಯಾದೆಗೆ ಕುಂದು. ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಆಗ ಕುಂದು ಇನ್ನೂ ಹೆಚ್ಚು. ಆದ್ದರಿಂದ ನಾನೇ ಹೇಳುತ್ತೇನೆ.

ನಾನು ಯಲಬುರ್ಗಾ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರನಾಗಿದ್ದು ನಿವೃತ್ತನಾದವನು. ಈಗ ಕೊಪ್ಪಳದಲ್ಲಿ ಮನೆ ಮಾಡಿಕೊಂಡಿದ್ದೇನೆ. ಪಾಠದಲ್ಲಿ ನನಗೆ ಅಂಥ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಇತ್ತು. ಸುಳ್ಳು ಸಹಿಯನ್ನು ನಾನು ವಾಸನೆಯಿಂದ ಹಿಡಿಯುತ್ತೇನೆ ಎಂದು ಮಾಸ್ತರರು ಮಾತಾಡಿಕೊಳ್ಳುತ್ತಿದ್ದರು. ಬಸವರಾಜ ಎಂಬ ಮಾಸ್ತರನೊಬ್ಬ ಒಮ್ಮೆ ಒಂದು ವಾರ ಶಾಲೆಯತ್ತ ಸುಳಿಯಲೇ ಇಲ್ಲ. ಅವನ ಪರವಾಗಿ ಅವನ ಗೆಳೆಯ ಸಹಿ ಹಾಕಿದ. ಹಾಕುವ ಹುಮ್ಮಸ್ಸಿನಲ್ಲಿ ಭಾನುವಾರಕ್ಕೂ ಹಾಕಿಬಿಟ್ಟಿದ್ದ. ನಾನು ವಿವರಣೆ ಕೇಳಿದೆ. "ಶರೀರದಿಂದ ಗೈರುಹಾಜರಿದ್ದರೂ ಮನಸ್ಸಿನಿಂದ ಶಾಲೆಯಲ್ಲಿಯೇ ಇದ್ದೆನು" ಎಂದು ಬಸವರಾಜ ಬರೆದುಕೊಟ್ಟ. ಅದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ "ಈ ವಾರದ ಸಂಬಳವನ್ನೂ ಮನಸ್ಸಿನಿಂದಲೇ ಪಡೆಯತಕ್ಕದ್ದು" ಎಂದು ಬರೆದೆ. ಆ ಷರಾ ನಮ್ಮ ಭಾಗದಲ್ಲಿ ಬಹುಕಾಲ ಬಾಯಿಂದ ಬಾಯಿಗೆ ಓಡಾಡಿತು. ಓಡಾಡಲಿ ಎಂದು ನಾನೂ ಸಾಕಷ್ಟು ಶ್ರಮಪಟ್ಟಿದ್ದೆ ಎನ್ನುವುದು ಬೇರೆ ಮಾತು.

ಇರಲಿ. ಕಳೆದ ಮಾಘದಲ್ಲಿ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೊರಟಿದ್ದೆ. ರೈಲ್ವೆ ಗೇಟು ಹಾಕಿತ್ತು. ಎರಡೂ ಕಾಲು ನೆಲಕ್ಕೂರಿ ನಿಂತೆ. ಮುಂದಿನದು ನನಗೆ ಗೊತ್ತಿಲ್ಲ, ಸಾಕ್ಷಿಗಳು ಹೇಳಿದ್ದು: ರೈಲು ಬಂತು, ಹೋಯಿತು, ಗೇಟು ತೆರೆಯಿತು, ನನ್ನ ಹಿಂದಿನ ಲಾರಿಗಳೆಲ್ಲ ಒಂದೇ ಸಮನೆ ಹಾರ್ನ್ ಬಾರಿಸಿದವು. ನಾನು ಕಂಬದಂತೆ ನಿಂತೇ ಇದ್ದೆ. ಹೆಂಡತಿ, ಇವರು ಏನೋ ಕಾಯಿದೆ ಪಾಲಿಸುತ್ತಿದ್ದಾರೆ ಎಂದುಕೊಂಡು ಸುಮ್ಮನೆ ಕುಳಿತಿದ್ದಳಂತೆ. ಕಡೆಗೆ ದಾಳಿಂಬೆ ತುಂಬಿದ ಟೆಂಪೋದವನೊಬ್ಬ ಇಳಿದು ಬಂದು ಭುಜ ಅಲ್ಲಾಡಿಸಿದ. "ಯಜಮಾನ್ರ, ಗೇಟ್ ತಗದೈತ್ರಿ. ಇನ್ನ ನೀವೂ ಕಣ್ಣು ತಗೀರಿ."

ಮನೆ ಮುಟ್ಟಿದ್ದೇ ತಡ, ಹೆಂಡತಿ ಸ್ಕೂಟರಿನ ಕೀಲಿಯನ್ನು ಕಿತ್ತುಕೊಂಡು ದೇವರ ಜಗುಲಿಯ ಮೇಲೆ ಹುಲಿಗೆಮ್ಮನ ಫೋಟೋದ ಮುಂದಿಟ್ಟಳು. "ಇದನ್ನ ಮುಟ್ಟೂದಿದ್ರ ಆಕಿನ್ನ ಕೇಳಿ ಮುಟ್ರಿ" ಎಂದಳು. ಬೀರುವಿನಲ್ಲಿಟ್ಟಿದ್ದರೆ ಕದಿಯುತ್ತಿದ್ದೆ. ದೇವಿಯ ಕಾವಲಿನಿಂದ ಕದಿಯುವ ಎದೆ ನನಗಿಲ್ಲ. ಸ್ಕೂಟರಿಲ್ಲದ ನಿವೃತ್ತ ಹೆಡ್‌ಮಾಸ್ತರನೆಂದರೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಅವನು ಸಂತೆಗೆ ಹೋಗಲಾರ, ಗೆಳೆಯರ ಕಟ್ಟೆಗೆ ಹೋಗಲಾರ; ಕೊತ್ತಂಬರಿ ತರುವುದಕ್ಕೂ ಪಕ್ಕದ ಮನೆಯವರ ದಯೆ ಕಾಯಬೇಕು.

ಗಂಗಾವತಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಒಂದು ರಾತ್ರಿ ಮೈತುಂಬ ವೈರು ಅಂಟಿಸಿ ಮಲಗಿಸಿ, ಬೆಳಿಗ್ಗೆ ಹೇಳಿದಳು: "ಸರ್, ನಿದ್ದ್ಯಾಗ ನಿಮ್ಮ ಉಸಿರು ತಾಸಿಗೆ ಮೂವತ್ತು ಸಲ ನಿಂದರತೈತಿ. ನೀವು ಮಲಗ್ತೀರಿ ಖರೆ, ನಿದ್ದಿ ಮಾಡಂಗಿಲ್ಲ." ಪರಿಹಾರವಾಗಿ ಸಿಪ್ಯಾಪ್ ಎಂಬ ಒಂದು ಯಂತ್ರವನ್ನು ಬಾಡಿಗೆಗೆ ಕೊಡಿಸಿದಳು. ಸೀಮೆಸುಣ್ಣದ ಪೆಟ್ಟಿಗೆಯಷ್ಟು ಯಂತ್ರ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕಟ್ಟಿಕೊಳ್ಳುವ ಮಾಸ್ಕು. ರಾತ್ರಿಯೆಲ್ಲ ಅದು ಮೂಗಿನೊಳಗೆ ಗಾಳಿ ಒತ್ತಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. "ರಾತ್ರಿ ಕಮ್ಮಿ ಅಂದ್ರ ನಾಕು ತಾಸು ಹಾಕ್ಕೋಬೇಕ್ರಿ" ಎಂದಳು. ಹೆಂಡತಿ ಅಲ್ಲಿಯೇ ತೀರ್ಪು ಕೊಟ್ಟಳು: "ತಿಂಗಳ ಮ್ಯಾಲ ರಿಪೋರ್ಟ್ ಛಲೋ ಬಂದ್ರ ಕೀಲಿ. ಇಲ್ಲಾಂದ್ರ ಇಲ್ಲ."

ಆ ಯಂತ್ರವನ್ನು ಕಟ್ಟಿಕೊಂಡ ಮೊದಲ ಅನುಭವವನ್ನು ಹೀಗೆ ಹೇಳಬಹುದು: ಕುಷ್ಟಗಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, ಹಾಗೆಯೇ ನಿದ್ದೆ ಮಾಡು ಎಂದು ಯಾರಾದರೂ ಆಜ್ಞೆ ಮಾಡಿದಂತೆ. ಉಸಿರು ಬಿಡೋಣವೆಂದರೆ ಎದುರಿಗೆ ಗಾಳಿ ನಿಂತು ವಾದಿಸುತ್ತದೆ. ಬೈಯೋಣವೆಂದು ಬಾಯಿ ತೆರೆದರೆ ಮೂಗಿನಿಂದ ಒಳಹೊಕ್ಕ ಗಾಳಿಯೆಲ್ಲ ಬಾಯಿಂದ ನುಗ್ಗಿ ಬೈಗುಳವನ್ನು ಹೊತ್ತುಕೊಂಡು ಹೋಗುತ್ತದೆ. ಮೂವತ್ತು ವರ್ಷ ಶಾಲೆಯನ್ನು ಬಾಯಿಂದಲೇ ನಡೆಸಿದವನಿಗೆ ಇದಕ್ಕಿಂತ ಅವಮಾನವಿಲ್ಲ. ಮೂರನೆಯ ರಾತ್ರಿ ಮಾಸ್ಕನ್ನು ಬಿಚ್ಚಿ ಹತ್ತಿಯ ಲೋಡುದಿಂಬಿಗೆ ಕಟ್ಟಿದೆ. ಲೋಡು ಉಸಿರಾಡುವುದಿಲ್ಲವೆಂಬುದನ್ನು ಯಂತ್ರ ನಿಮಿಷದಲ್ಲಿ ಕಂಡುಹಿಡಿದು ತಾನೇ ನಿಂತುಬಿಟ್ಟಿತು. ಅದರ ಚುರುಕುತನ ಕಂಡು ಹೊಟ್ಟೆಕಿಚ್ಚಾಯಿತು. ನನ್ನ ಶಾಲೆಯಲ್ಲಿ ಇಂಥ ಒಬ್ಬ ಗುಮಾಸ್ತ ಇದ್ದಿದ್ದರೆ!

ಇಂಥ ಸಂಕಟದಲ್ಲಿ ಹನುಮಸಾಗರದಿಂದ ಶರಣಪ್ಪ ಬಂದ. ಶರಣಪ್ಪ ನನ್ನ ಹೆಂಡತಿಯ ತಮ್ಮ, ಊರಿನಲ್ಲಿ ಗೊಬ್ಬರದ ಅಂಗಡಿಯಿದೆ. ಹಲ್ಲಿನ ಸೆಟ್ಟು ಮಾಡಿಸಿಕೊಳ್ಳಲು ಒಂದು ವಾರವೆಂದು ಬಂದಿದ್ದ. ಊಟವಾದ ಕೂಡಲೇ ಹಾಸಿಗೆ, ಹಾಸಿಗೆಯಾದ ಕೂಡಲೇ ಗೊರಕೆ. ಅವನನ್ನು ನೋಡನೋಡುತ್ತ ನನ್ನೊಳಗಿನ ಪಾಪಿ ಎಚ್ಚತ್ತ. ಯಂತ್ರಕ್ಕೆ ಬೇಕಾದದ್ದು ಉಸಿರು. ಯಾರದು ಎಂದು ಅದು ಕೇಳುವುದಿಲ್ಲವಲ್ಲ!

"ಶರಣಪ್ಪ, ಬಿಸಲು ಭಾಳ ಐತಿ. ಇದನ್ನ ಮೂಗಿಗೆ ಕಟ್ಕೋ, ತಂಪನ್ನ ಗಾಳಿ ಬರತೈತಿ" ಎಂದೆ.

"ಮೂಗಿಗಷ್ಟ ಏಸಿ ಏನ್ರಿ ಮಾವಾರ?" ಎಂದು ಕಟ್ಟಿಕೊಂಡ. ಒಂದು ಗಂಟೆಗೆ ಮಲಗಿದವನು ಐದಕ್ಕೆ ಎದ್ದ. ಎದ್ದವನು ಹಾಸಿಗೆಯ ಮೇಲೆ ಕುಳಿತು ಸುತ್ತಲೂ ನೋಡಿದ ರೀತಿ, ಆಗ ತಾನೇ ಹುಟ್ಟಿದವನ ಹಾಗಿತ್ತು. "ಮಾವಾರ, ತಲಿ ಹಗುರಾಗೈತ್ರಿ. ಲಗ್ನ ಆದಾಗಿಂದ ಇಂಥಾ ನಿದ್ದಿ ಕಂಡಿಲ್ರಿ."

ಹಲ್ಲಿನ ಸೆಟ್ಟು ವಾರದೊಳಗೇ ಬಂತು. ಶರಣಪ್ಪ ಹೋಗಲಿಲ್ಲ. ದಿನವೂ ಮಾಸ್ಕನ್ನು ತಾನೇ ಸಾಬೂನು ಹಚ್ಚಿ ತೊಳೆದು, ಒರೆಸಿ, ಒಂದು ಗಂಟೆಗೆ ಕಚೇರಿಗೆ ಹಾಜರಾಗುವವನಂತೆ ಹಾಸಿಗೆಗೆ ಹಾಜರಾಗುತ್ತಿದ್ದ. ನಾನು ರಾತ್ರಿ ಹೆಂಡತಿಯ ಎದುರಿಗೆ ಮಾಸ್ಕು ಕಟ್ಟಿಕೊಂಡು, ಅವಳು ತನ್ನ ಕೋಣೆಗೆ ಹೋದ ಮೇಲೆ ಬಿಚ್ಚುತ್ತಿದ್ದೆ. ನನ್ನ ಗೊರಕೆಗೆ ಅಂಜಿ ಅವಳು ಬೇರೆ ಕೋಣೆ ಸೇರಿ ಎಷ್ಟೋ ವರ್ಷಗಳಾಗಿವೆ. ಗೊರಕೆ ಕೇಳಿಸಿದರೆ ನಡುಮನೆಯಲ್ಲಿ ಮಲಗಿದ ಶರಣಪ್ಪನದೆಂದುಕೊಳ್ಳುತ್ತಿದ್ದಳು. "ನಿಮ್ದು ನಿಂತೈತಿ ನೋಡ್ರಿ, ಇವನ್ದ ಡಬಲ್ ಆಗೈತಿ" ಎಂದು ತಮ್ಮನನ್ನು ಬೈಯುತ್ತಿದ್ದಳು. ಶರಣಪ್ಪ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದ. ಸಜ್ಜನ.

ತಿಂಗಳು ತುಂಬಿತು. ಗಂಗಾವತಿಗೆ ಹೊರಡುವಾಗ ಹೆಂಡತಿ ಹುಲಿಗೆಮ್ಮನಿಗೆ ಕೈಮುಗಿದು ಕೀಲಿಯನ್ನು ಪರ್ಸಿನಲ್ಲಿಟ್ಟುಕೊಂಡಳು. ಅದಕ್ಕೆ ಕುಂಕುಮ ಹತ್ತಿತ್ತು. ಯಂತ್ರ ಹಿಡಿದುಕೊಳ್ಳಲು ಶರಣಪ್ಪನೂ ಬಂದ. ಅವನನ್ನು ಹೊರಗೆ ಕೂಡಿಸಿ, ಯಂತ್ರದೊಳಗಿನ ಚಿಕ್ಕ ಕಾರ್ಡನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆವು. ಅವಳು ಕಂಪ್ಯೂಟರಿಗೆ ಹಾಕಿದಳು.

"ಮೊದಲಿನ ನಾಕೈದು ದಿನ ಬಿಟ್ರ ದಿನಾ ನಾಕು ತಾಸು. ಒಂದು ದಿನಾನೂ ತಪ್ಪಿಲ್ಲಲ್ರಿ ಸರ್!"

ಹೆಂಡತಿಯ ಕೈ ಪರ್ಸಿನೊಳಗೆ ಹೋಯಿತು. ಕೀಲಿ ಕಿಣಿಕಿಣಿ ಎಂದದ್ದನ್ನು ನಾನು ಈ ಕಿವಿಯಿಂದ ಕೇಳಿದೆ.

"ಆದ್ರ ಎಲ್ಲಾ ಮಧ್ಯಾಹ್ನ ಒಂದರಿಂದ ಐದು" ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. "ರಾತ್ರಿ ಹತ್ತು ನಿಮಿಷದ ಮ್ಯಾಲ ಇಲ್ಲ."

"ಮಧ್ಯಾಹ್ನ?" ಎಂದಳು ಹೆಂಡತಿ. "ಮಧ್ಯಾಹ್ನ ಇವ್ರು ನನ್ನ ಕೂಡ ಮಾಳಗಿ ಮ್ಯಾಲ ಛತ್ರಿ ಹಿಡಕೊಂಡು ಕುಂತಿರ್ತಾರಲ್ರಿ, ಒಣಗಾಕ ಹಾಕಿದ ಶಾವಿಗಿಗೆ ಬರೋ ಕಾಗಿ ಓಡಸಾಕ!"

ಕೀಲಿ ಪರ್ಸಿನೊಳಗೆ ಮರಳಿ ಮಲಗಿತು. ನನಗೆ ಯಾಕೋ ಭಾನುವಾರದ ಆ ಸಹಿ ಕಣ್ಣ ಮುಂದೆ ಬಂತು. ಡಾಕ್ಟರಮ್ಮ ಮೆಲ್ಲಗೆ ಕೇಳಿದಳು: "ಸರ್, ಇಲ್ಲಿ ಮಲಗಿದವ್ರಿಗೆ ಭಾಳ ಗುಣ ಆಗೈತ್ರಿ. ಅವ್ರು ಯಾರು?"

ಶರಣಪ್ಪನನ್ನು ಒಳಗೆ ಕರೆಸಲಾಯಿತು. ಯಂತ್ರದ ಚೀಲವನ್ನು ಕೂಸಿನಂತೆ ಎದೆಗವಚಿಕೊಂಡೇ ಬಂದ. ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡ. "ನಂದೇನ್ ತಪ್ಪಿಲ್ರಿ ಅಕ್ಕಾ, ಮಾವಾರು ಮಲಗು ಅಂದ್ರು, ಮಲಗೀನಿ." ಅವನಿಗೂ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರಮ್ಮ ಬರೆದುಕೊಟ್ಟಳು. ಪರೀಕ್ಷೆಯಾಗಿ, ಅವನಿಗೆ ಅವನದೇ ಯಂತ್ರ ಬಂದ ದಿನ ಹೆಂಡತಿ ಜಗುಲಿಯಿಂದ ಕೀಲಿ ತೆಗೆದು, ನನ್ನೆದುರಿಗೇ ಅವನ ಕೈಗಿಟ್ಟಳು. "ಹಾಜರಿ ಯಾರ್ದೋ ಕೀಲಿ ಅವರ್ದು." ಇಷ್ಟು ಚಿಕ್ಕ, ಇಷ್ಟು ಚೊಕ್ಕ ಷರಾವನ್ನು ನಾನು ನನ್ನ ಸೇವಾವಧಿಯಲ್ಲಿ ಬರೆದಿಲ್ಲ.

ಆ ರಾತ್ರಿಯಿಂದ ಅವಳು ನನ್ನ ಮಂಚದ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು, ನನಗೆ ನಿದ್ದೆ ಹತ್ತುವವರೆಗೂ ಕಾಯತೊಡಗಿದಳು. ನಾಲ್ಕು ರಾತ್ರಿ ಗಾಳಿಯೊಂದಿಗೆ ಜಗಳವಾಡಿದೆ. ಐದನೆಯ ಬೆಳಿಗ್ಗೆ ಎದ್ದಾಗ ತಲೆಯ ಮೇಲೆ ದಿನವೂ ಇರುತ್ತಿದ್ದ ಕಲ್ಲು ಇರಲಿಲ್ಲ. ಆ ಕಲ್ಲನ್ನು ನಾನು ಇಷ್ಟು ವರ್ಷ ಹೆಡ್‌ಮಾಸ್ತರಿಕೆಯ ಗಾಂಭೀರ್ಯವೆಂದೇ ತಿಳಿದಿದ್ದೆ. ಚಹಾ ಕುಡಿಯುವಾಗ ಒಂದು ವಿಚಾರ ಬಂದು ಚುಚ್ಚಿತು: ನಾನು ಕೆಂಪು ಶಾಯಿಯಲ್ಲಿ ಬರೆದ ಷರಾಗಳಲ್ಲಿ ನ್ಯಾಯದಿಂದ ಬರೆದವು ಎಷ್ಟು, ನಿದ್ದೆಗೆಟ್ಟು ಬರೆದವು ಎಷ್ಟು? ಗುಣವಾಗಿದೆ ಎಂದು ಹೆಂಡತಿಗೆ ಮಾತ್ರ ಹೇಳಲಿಲ್ಲ. "ಹೆಂಗೈತಿ?" ಎಂದರೆ "ನಡದೈತಿ" ಎಂದೆ.

ಮೊನ್ನೆ ಮಂಗಳವಾರ ಶರಣಪ್ಪ ಹುಲಿಗೆಮ್ಮನ ದರ್ಶನಕ್ಕೆಂದು ಹುಲಿಗಿಗೆ ಹೊರಟ. ನನ್ನ ಸ್ಕೂಟರು, ಅವನ ಕೈಯಲ್ಲಿ ಕೀಲಿ, ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ತೆಂಗಿನಕಾಯಿಯ ಚೀಲ. ಗುಡಿಯ ಹತ್ತಿರ ನಿಲ್ಲಿಸುತ್ತಿದ್ದಂತೆ ಒಬ್ಬ ನರೆಗೂದಲಿನವನು ಎದುರಿಗೆ ಬಂದು ಕೈಮುಗಿದ. ಬಸವರಾಜ ಮಾಸ್ತರ! ಅವನೂ ನಿವೃತ್ತನಾಗಿದ್ದಾನೆ.

"ನಮಸ್ಕಾರ್ರಿ ಸರ್. ಇದೇನ್ರಿ, ಗಾಡಿ ನಿಮ್ದ, ನೀವು ಹಿಂದ ಕುಂತೀರಿ?"

ನಾನು ಚೀಲ ಹಿಡಿದುಕೊಂಡು ಕೆಳಗಿಳಿದೆ. ಅಷ್ಟರಲ್ಲಿ ಶರಣಪ್ಪ ಸ್ಟ್ಯಾಂಡು ಹಾಕುತ್ತ, ಹೊಸ ಹಲ್ಲು ತೋರಿಸುತ್ತ ಹೇಳಿಯೇಬಿಟ್ಟ: "ಮಾವಾರಿಗೆ ನಾ ಬದಲಿ ಅದೀನ್ರಿ. ಮದಲ ಅವರ ನಿದ್ದಿ ನಾ ಮಾಡಿದ್ನಿ, ಈಗ ಗಾಡಿ ನಾ ಹೊಡೀತೀನಿ."

ಬಸವರಾಜ ನನ್ನನ್ನು ನೋಡಿದ. ಶರಣಪ್ಪನನ್ನು ನೋಡಿದ. ಮತ್ತೆ ನನ್ನನ್ನು ನೋಡಿ, ವಿವರಣೆಯನ್ನೇನೂ ಕೇಳದೆ, ತೆಂಗಿನಕಾಯಿಯ ಚೀಲವನ್ನು ನನ್ನ ಕೈಯಿಂದ ಇಸಿದುಕೊಂಡ.

"ಬರ್ರಿ ಸರ್" ಎಂದ. "ದೇವಿ ಮುಂದರ ಇಬ್ರೂ ಶರೀರದಿಂದ ಹಾಜರಾಗೂಣು."