ವ್ಯಾನಿನ ಬಾಗಿಲು, ಅತ್ತೆಯ ಬಾಯಿ

ಆಗ ನನಗೆ ನಲವತ್ತೊಂಬತ್ತು. ಅದು ಕಳೆದು ಮೂವತ್ತೆಂಟು ವರ್ಷವಾಯಿತು. ಅಲ್ಲಿಯವರೆಗೆ ನಾನು ಜೀವಮಾನದಲ್ಲಿ ಕಟ್ಟಿದ್ದೆಂದರೆ ಎಮ್ಮೆ, ಹುಲ್ಲಿನ ಹೊರೆ, ಬುತ್ತಿ, ಮಕ್ಕಳ ಜಡೆ. ಒಂದು ದಿನ ಅತ್ತೆಯನ್ನೂ ಕಟ್ಟುತ್ತೀಯೆ ಎಂದು ಯಾರಾದರೂ ಹೇಳಿದ್ದರೆ ಖುಷಿಪಟ್ಟಿರುತ್ತಿದ್ದೆನೋ ಏನೋ. ಕಟ್ಟಿದ ಮೇಲೆ ಗೊತ್ತಾಯಿತು, ಅತ್ತೆಯನ್ನು ಕಟ್ಟಬೇಕಾದರೆ ಸೊಸೆಯೂ ಪಕ್ಕದಲ್ಲೇ ಕಟ್ಟಿಸಿಕೊಂಡು ಕೂರಬೇಕು. ಇದರಲ್ಲಿ ಲಾಭ ಯಾರಿಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮ ಮನೆಗೆ ವ್ಯಾನು ಬಂದದ್ದು ನನ್ನ ಮೈದುನ ರುದ್ರೇಶನ ಹಟದಿಂದ. ಚನ್ನಗಿರಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ಅಣ್ಣತಮ್ಮಂದಿರಿಬ್ಬರೂ ಕೂಡಿ ಮಾಡುತ್ತಿದ್ದರು, ಅಂದರೆ ರುದ್ರೇಶ ಮಾತಾಡುತ್ತಿದ್ದ, ನಮ್ಮ ಯಜಮಾನರು ಹೂಂ ಅನ್ನುತ್ತಿದ್ದರು. ವ್ಯಾನಿಗೂ ಹೂಂ ಅಂದರು. ದಾವಣಗೆರೆಯ ಯಾರದೋ ಮನೆಯಲ್ಲಿ ಓಡಿ ಸುಸ್ತಾಗಿದ್ದ ಬಿಳೀ ವ್ಯಾನು ನಮ್ಮ ಬಾಗಿಲಿಗೆ ಬಂದು ನಿಂತಿತು. ಮುಂದೆ ಇಬ್ಬರು, ಹಿಂದೆ ಉದ್ದನೆಯ ಸೀಟು, ಪಕ್ಕದಲ್ಲಿ ಸರಿಯುವ ಬಾಗಿಲು. ಆ ಬಾಗಿಲೇ ನನ್ನ ಪ್ರಾರಬ್ಧ. ಮನೆಯ ಕದವಾದರೆ ನೂಕುತ್ತೇವೆ, ಇಲ್ಲವೇ ಎಳೆಯುತ್ತೇವೆ. ಇದು ಎರಡೂ ಅಲ್ಲ, ಪಕ್ಕಕ್ಕೆ ಜಾರುತ್ತಿತ್ತು. ಮೆಲ್ಲಗೆ ಹಾಕಿದರೆ ಅರ್ಧಕ್ಕೆ ನಿಂತು ದಾರಿಯುದ್ದಕ್ಕೂ ಗಡಗಡ ಅನ್ನುತ್ತಿತ್ತು. ಜೋರಾಗಿ ಹಾಕಿದರೆ ರುದ್ರೇಶ ತನಗೇ ಯಾರೋ ಹೊಡೆದಂತೆ ಮುಖ ಮಾಡುತ್ತಿದ್ದ. "ಅತ್ತಿಗಮ್ಮ, ಅದು ಕೊಟ್ಟಿಗೆ ಬಾಗ್ಲಲ್ಲ" ಅನ್ನುತ್ತಿದ್ದ. ನಮ್ಮ ಕೊಟ್ಟಿಗೆ ಬಾಗಿಲು ಯಾವತ್ತೂ ನನಗೆ ಇಷ್ಟು ತೊಂದರೆ ಕೊಟ್ಟಿರಲಿಲ್ಲ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರಿಗೆ ಎಪ್ಪತ್ತು ದಾಟಿತ್ತು, ಗಟ್ಟಿ ಆಳು. ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಎಲೆಅಡಿಕೆ. ಸೊಂಟದಲ್ಲಿ ಸಂಚಿ. ಅದರಲ್ಲಿ ಎಲೆ, ಕುಟ್ಟಿದ ಅಡಿಕೆ, ಸುಣ್ಣದ ಕಾಯಿ. ಕುಟ್ಟಿ ತುಂಬುವವಳು ನಾನು. ತಿನ್ನುವವರು ಇಬ್ಬರೂ, ಸಂಚಿ ಒಂದೇ. ಅತ್ತೆಯ ಬಾಯಿ ತುಂಬಿದ್ದಷ್ಟು ಹೊತ್ತು ಮಾತಿಲ್ಲ, ಕೈಸನ್ನೆ ಮಾತ್ರ. ಆ ಮನೆಯಲ್ಲಿ ನಾನು ಕಂಡ ನೆಮ್ಮದಿಗೆಲ್ಲ ಆ ಸಂಚಿಯೇ ಕಾರಣ ಎಂದರೂ ಸುಳ್ಳಲ್ಲ. ಆದರೆ ತಿಂದದ್ದನ್ನು ಉಗಿಯಬೇಕಲ್ಲ. ಎತ್ತಿನ ಗಾಡಿಯಲ್ಲಿ ಹೋದರೆ ಪಕ್ಕಕ್ಕೆ ಬಾಗಿದರಾಯಿತು. ಬಸ್ಸಿನಲ್ಲಿ ಕಿಟಕಿ ಇರುತ್ತಿತ್ತು, ಹಿಂದಿನ ಕಿಟಕಿಯವರ ಕರ್ಮ ಅವರಿಗೆ. ಈ ವ್ಯಾನಿನ ಹಿಂದಿನ ಕಿಟಕಿ ಮಾತ್ರ ಕೈ ತೂರುವಷ್ಟು ತೆರೆಯುತ್ತಿತ್ತು, ತಲೆ ತೂರುವಷ್ಟಲ್ಲ. ಅಲ್ಲಿಂದ ಉಗಿದರೆ ಅರ್ಧ ಗಾಜಿಗೆ, ಅರ್ಧ ಬಿಳೀ ಬಣ್ಣಕ್ಕೆ. ರುದ್ರೇಶ ಅದಕ್ಕೆ ಕುಣಿದಾಡಿದ. ಅತ್ತೆ ಹೆಚ್ಚು ಮಾತಾಡದೆ ಅದಕ್ಕೊಂದು ಉಪಾಯ ಕಂಡುಕೊಂಡರು. ಬಾಯಿ ತುಂಬಿತೋ, ಓಡುವ ಗಾಡಿಯ ಬಾಗಿಲನ್ನೇ ಸರ್ರನೆ ಸರಿಸಿ, ಹೊರಗೆ ಬಾಗಿ ಉಗಿದು, ಮತ್ತೆ ಮುಚ್ಚುವುದು. ಮುಚ್ಚುವ ಕೆಲಸ ನನ್ನದು.

ಅತ್ತೆಯ ತವರು ಜಗಳೂರು. ಅಲ್ಲಿಗೆ ಹೊರಟ ದಿನ ಈ ಉಪಾಯಕ್ಕೆ ಕಂಟಕ ಬಂತು. ರಸ್ತೆ ನೆಟ್ಟಗಿತ್ತು, ರುದ್ರೇಶನಿಗೆ ಹುರುಪು. ಅತ್ತೆ ಬಾಗಿಲು ಸರಿಸಿ ಬಾಗುವುದಕ್ಕೂ ಗಾಡಿ ಗುಂಡಿಗೆ ಇಳಿಯುವುದಕ್ಕೂ ಸರಿಹೋಯಿತು. ಅತ್ತೆಯ ಒಂದು ಕಾಲು ಒಳಗೆ, ಉಳಿದದ್ದೆಲ್ಲ ಹೊರಗೆ. ನಾನು ಅವರ ಸೊಂಟಕ್ಕೆ ಕೈ ಹಾಕಿ, ಸೀರೆಯ ಗಂಟು ಹಿಡಿದು, ಮೂಟೆ ಎಳೆದ ಹಾಗೆ ಒಳಗೆ ಎಳೆದೆ. ಎಳೆದ ರಭಸಕ್ಕೆ ಬಾಯಲ್ಲಿದ್ದದ್ದು ಅವರ ಹೊಸ ಇಳಕಲ್ ಸೀರೆಯ ಮೇಲೆ ಬಿತ್ತು. ಬಾಯಿ ಖಾಲಿಯಾಯಿತಲ್ಲ, ಮಾತು ಬಂತು.

"ಕಣ್ಣು ಕಾಣ್ತವೋ ಇಲ್ಲೋ ನಿನಗೆ? ತವರಿಗೆ ಉಟ್ಕಂಡು ಹೊಂಟಿದ್ದ ಸೀರೆ. ಹಾಳು ಮಾಡಿಟ್ಟೆ."

"ನೀವು ಬೀಳ್ತಿದ್ರಿ ಅತ್ತೆ."

"ಬಿದ್ರೆ ನಾನು ಬೀಳ್ತಿದ್ದೆ. ಸೀರೆ ಏನು ಮಾಡಿತ್ತು?"

ರುದ್ರೇಶ ಗಾಡಿ ನಿಲ್ಲಿಸಿ ಇಳಿದು ಬೇಲಿಯ ಹತ್ತಿರ ಹೋಗಿ ನಿಂತ. ಮೂತ್ರಕ್ಕೆ ಹೋದನೆಂದುಕೊಂಡೆವು. ತಿರುಗಿ ಬಂದವನು ನಮ್ಮ ಬಾಗಿಲನ್ನು ತಾನೇ ಹಾಕಿ ಎರಡು ಸಲ ಎಳೆದು ನೋಡಿದ. ಜಗಳೂರಿನಲ್ಲಿ ಅವತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಗಾಡಿ ಓಡಿಸುತ್ತಿದ್ದವನು ತಾನು, ಹೊರಗೆ ಜೋತುಬಿದ್ದವಳು ಹೆತ್ತ ತಾಯಿ. ಅವನಿಗೆ ಹಾಗಾದದ್ದು ಸಹಜ. ಆದರೆ ಅವನಿಗೆ ಹಾಗಾದದ್ದರ ಫಲ ಉಂಡವಳು ನಾನು.

ಮುಂದಿನ ವಾರ ವ್ಯಾನು ದಾವಣಗೆರೆಯ ಗ್ಯಾರೇಜಿಗೆ ಹೋಗಿ ಬಂತು. ಬಾಗಿಲಿನ ಅಂಚಿನಲ್ಲಿ ಉಗುರಿನಷ್ಟು ದೊಡ್ಡ ಕೊಕ್ಕೆ. ಅದನ್ನು ಕೆಳಕ್ಕೆ ಒತ್ತಿ ಬಾಗಿಲು ಹಾಕಿದರೆ ಒಳಗಿನವರು ಏನು ಮಾಡಿದರೂ ತೆರೆಯದು, ಹೊರಗಿನವರೇ ತೆರೆಯಬೇಕು. ಮುಂದಿನ ಸೀಟುಗಳಿಗೆ ಬೆಲ್ಟಿನ ಪಟ್ಟಿ ಮೊದಲೇ ಇತ್ತು. ಯಾರೂ ಕಟ್ಟಿಕೊಂಡವರಲ್ಲ, ನಮ್ಮ ಯಜಮಾನರು ಅದಕ್ಕೆ ಟವೆಲ್ ನೇತುಹಾಕುತ್ತಿದ್ದರು. ಈಗ ಹಿಂದಿನ ಸೀಟಿಗೂ ಎರಡು ಪಟ್ಟಿ ಬಂದಿದ್ದವು. ರುದ್ರೇಶ ಅತ್ತೆಯನ್ನು ಕೂರಿಸಿ ತೋರಿಸಿದ. "ಅವ್ವ, ಇದು ಸೊಂಟಕ್ಕೆ, ಇದು ಎದೆಗೆ. ಟಕ್ ಅಂತ ಸಿಕ್ಕಿಸಿದ್ರೆ ಮುಗೀತು."

"ನಮ್ಮಾಗೆ ಕುಂದ್ರಿಸಿ ಎದೆಗೆ ಕಟ್ಟಾದು ಸತ್ತ ಮ್ಯಾಲೆ ಕಣಪ್ಪ" ಎಂದರು ಅತ್ತೆ. "ನಾನಿನ್ನೂ ಉಸಿರಾಡ್ತಿದೀನಿ."

ಮಾತು ನಿಜವೇ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ಬೀಳದಂತೆ ಕಟ್ಟಿ ಒಯ್ಯುತ್ತಾರೆ. ರುದ್ರೇಶ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ. ಅತ್ತೆ ಇನ್ನೊಂದು ತಕರಾರು ತೆಗೆದರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ, ಅದು ಇರುವುದು ಎದೆಯ ಮೇಲೆ. ಪಟ್ಟಿ ಹಾಯುವುದೂ ಅಲ್ಲೇ. "ಲಿಂಗದ ಮ್ಯಾಲೆ ಯಾರ್ಯಾರೋ ಕುಂತೆದ್ದ ಪಟ್ಟಿ ಬಿಗಿಯಾಕೆ ನಾನು ಒಪ್ಪಾಕಿಲ್ಲ. ನಾನು ಬಸ್ಸಿಗೆ ಬರ್ತೀನಿ, ನೀವು ಗಾಡಿಯಾಗೆ ಹೋಗ್ರಿ."

ಆ ವಯಸ್ಸಿನವರನ್ನು ಬಸ್ಸಿಗೆ ಹತ್ತಿಸಿದರೆ ಊರವರು ನಮ್ಮ ಮುಖಕ್ಕೆ ಉಗಿಯುತ್ತಿದ್ದರು. ಅದೂ ಅಲ್ಲದೆ ಹದಿನೈದು ದಿನಕ್ಕೆ ನ್ಯಾಮತಿಯಲ್ಲಿ ನನ್ನ ಮಗಳ ಮಗನ ಜವಳ ಇತ್ತು. ಮುತ್ತಜ್ಜಿ ಇಲ್ಲದೆ ಕೂದಲು ತೆಗೆಸುವುದಿಲ್ಲ ಎಂದು ಬೀಗರು ಹೇಳಿ ಕಳಿಸಿದ್ದರು. ರುದ್ರೇಶ ಶಾಸ್ತ್ರ ಕೇಳಲು ನಮ್ಮ ಬೀದಿಯ ಜಂಗಮ ಅಯ್ಯನೋರನ್ನು ಕರೆತಂದ. ಅಯ್ಯನೋರು ವ್ಯಾನು ಹತ್ತಿ, ತಾವೇ ಪಟ್ಟಿ ಕಟ್ಟಿಕೊಂಡು, ಕಣ್ಣು ಮುಚ್ಚಿ ಕೂತರು. ಎಷ್ಟು ಹೊತ್ತಾದರೂ ಏಳಲಿಲ್ಲ. ನಿದ್ದೆ ಹತ್ತಿತೇನೋ ಎಂದು ನಾನು ಕೆಮ್ಮಿದೆ. ಕಣ್ಣು ಬಿಟ್ಟು, "ಲಿಂಗ ಮ್ಯಾಲಿರ್ಲಿ, ಪಟ್ಟಿ ಕೆಳಗಿರ್ಲಿ. ಕರಡಿಗೆ ಎತ್ತಿ ಪಟ್ಟಿ ಮ್ಯಾಲೆ ಬಿಟ್ಕಂಡ್ರೆ ದೋಷ ಇಲ್ಲ ತಾಯಿ" ಎಂದರು. ಆಮೇಲೆ ಮೆಲ್ಲಗೆ, "ಇದನ್ನ ಬಿಚ್ಚಾದು ಹೆಂಗೆ?" ಎಂದು ಕೇಳಿದರು.

ಅತ್ತೆಗೆ ಬೇರೆ ದಾರಿ ಉಳಿಯಲಿಲ್ಲ. ನನ್ನ ಕಡೆ ನೋಡಿದರು. "ಹಂಗಾದ್ರೆ ಮೊದ್ಲು ಗಂಗಿನ ಕಟ್ಟು. ಆಕೆ ತಡಕಂಡ್ರೆ ನಾನೂ ತಡಕಂತೀನಿ." ನಾನು ಬಾಗಿಲು ತೆಗೆದವಳಲ್ಲ, ಉಗಿದವಳಲ್ಲ, ಬಿದ್ದವಳಲ್ಲ. ಬೀಳುವವರನ್ನು ಹಿಡಿದವಳು. ಆದರೂ ಮೊದಲು ಕಟ್ಟಿದ್ದು ನನ್ನನ್ನು. ಯಜಮಾನರ ಮುಖ ನೋಡಿದೆ. ಹೂಂ ಅಂದರು.

ಉಗಿಯುವುದಕ್ಕೆ ರುದ್ರೇಶ ಬೂದಿ ತುಂಬಿದ ಒಂದು ಡಬ್ಬಿಯನ್ನೂ ಇಟ್ಟಿದ್ದ. "ಕಾಯಿಲೆಯೋರು ಉಗಿಯಾದು ಡಬ್ಬಿಯಾಗೆ" ಎಂದು ಅತ್ತೆ ಅದನ್ನು ಕಾಲಿನಿಂದ ಆಚೆ ತಳ್ಳಿದರು. ಜವಳಕ್ಕೆ ಹೀಗೆ ಹೊರಟೆವು. ಮುಂದೆ ರುದ್ರೇಶ ಮತ್ತು ಮಲ್ಲಿಗೆಯಂಥ ಬಿಳೀ ಜುಬ್ಬದಲ್ಲಿ ಯಜಮಾನರು, ಇಬ್ಬರಿಗೂ ಪಟ್ಟಿ. ಯಜಮಾನರ ಹಿಂದೆ, ಬಾಗಿಲ ಪಕ್ಕ ಅತ್ತೆ. ಅವರ ಪಕ್ಕ ನಾನು. ಬಾಗಿಲಿಗೆ ಕೊಕ್ಕೆ. ಸಾಸ್ವೆಹಳ್ಳಿ ಬರುವ ಹೊತ್ತಿಗೆ ಅತ್ತೆಯ ಬಾಯಿ ತುಂಬಿತ್ತು. ಬಾಗಿಲ ಹಿಡಿ ಎಳೆದರು, ಬರಲಿಲ್ಲ. ನನ್ನ ತೊಡೆಗೆ ಗುದ್ದಿದರು. "ರುದ್ರೇಶ, ನಿಲ್ಲಿಸಪ್ಪ, ಅತ್ತೆ ಉಗೀಬೇಕಂತೆ" ಎಂದೆ.

"ಡಬ್ಬಿ ಐತಲ್ಲ ಅತ್ತಿಗಮ್ಮ."

ಅತ್ತೆ ತಲೆ ಅಲ್ಲಾಡಿಸಿದರು. ಕೆನ್ನೆ ಎರಡೂ ಉಬ್ಬಿದ್ದವು.

"ಡಬ್ಬಿ ಬ್ಯಾಡಂತೆ."

"ಹಂಗಾದ್ರೆ ಹೊನ್ನಾಳಿಗೆ ನಿಲ್ಲಿಸ್ತೀನಿ, ತಡಕಳ್ಳಾಕೆ ಹೇಳು." ಹಿಂದೆಯೇ ಕೂತ ತಾಯಿಗೆ ನನ್ನ ಕೈಲಿ ಹೇಳಿಸುತ್ತಿದ್ದ. ಅವರು ನನ್ನ ತೊಡೆಯ ಮೇಲೆ ಉತ್ತರ ಕೊಡುತ್ತಿದ್ದರು.

ಹೊನ್ನಾಳಿ ಇನ್ನೂ ಬಂದಿರಲಿಲ್ಲ. ಗದ್ದೆಯ ಕಡೆಯಿಂದ ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ನೇರ ರಸ್ತೆಗೆ ನುಗ್ಗಿತು. ಹೊಡೆಯುತ್ತಿದ್ದವನು ಹುಲ್ಲಿನ ಮೇಲೆ ಮಲಗಿದ್ದ. ರುದ್ರೇಶ ಬ್ರೇಕಿನ ಮೇಲೆ ಎದ್ದು ನಿಂತನೋ ಏನೋ, ವ್ಯಾನು ಮೂಗು ನೆಲಕ್ಕೆ ಉಜ್ಜಿದಂತೆ ನಿಂತಿತು. ಎತ್ತಿನ ಕೊಂಬಿಗೂ ನಮ್ಮ ಗಾಜಿಗೂ ಒಂದು ಗೇಣು. ನನ್ನ ಕೈ ತಾನಾಗಿ ಅತ್ತೆಗೆ ಅಡ್ಡ ಹೋಗಿ ಮೊಣಕೈ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಅತ್ತೆ ಮುಂದಕ್ಕೆ ಹಾರಿದರು. ಪಟ್ಟಿ ಅವರನ್ನು ಹಿಡಿದು ಸೀಟಿಗೆ ತಂದು ಕೂರಿಸಿತು. ಅತ್ತೆ ನಿಂತರು, ಬಾಯಲ್ಲಿದ್ದದ್ದು ನಿಲ್ಲಲಿಲ್ಲ. ಚನ್ನಗಿರಿಯಿಂದ ಕೂಡಿಟ್ಟದ್ದೆಲ್ಲ ಒಂದೇ ಸಲಕ್ಕೆ ಯಜಮಾನರ ತಲೆ, ಕತ್ತು, ಬಿಳೀ ಜುಬ್ಬದ ಮೇಲೆ. ಅವರು ಕತ್ತಿಗೆ ಕೈ ಹಾಕಿ, ಕೈ ನೋಡಿಕೊಂಡು, ಹೂಂ ಅಂದರು.

ಬೇರೆ ಜುಬ್ಬ ತಂದಿರಲಿಲ್ಲ. ಹೊತ್ತು ಮೀರುತ್ತದೆ, ಬೀಗರ ಮನೆಯಲ್ಲೇ ತೊಳೆದುಕೊಂಡರಾಯಿತು ಎಂದು ಹಾಗೇ ಹೋದೆವು. ನ್ಯಾಮತಿಯಲ್ಲಿ ಬೀಗಿತಿ, ಅಂದರೆ ನನ್ನ ಮಗಳ ಅತ್ತೆ, ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಗಾಜಿನೊಳಗೆ ಕೆಂಪಗೆ ನೆಂದು ಅಲ್ಲಾಡದೆ ಕೂತ ಬೀಗರನ್ನು ನೋಡಿದರು. ತಟ್ಟೆ ಕೈಬಿಟ್ಟು, "ಅಯ್ಯೋ ಶಿವನೇ, ಬೀಗರನ್ನ ಯಾರು ಹಿಂಗೆ ಮಾಡಿದ್ರೋ" ಎಂದು ಬಾಯಿ ಬಡಿದುಕೊಂಡರು. ನಮ್ಮ ಬಾಗಿಲು ತೆಗೆಯಲೆಂದು ಇಳಿದ ರುದ್ರೇಶನನ್ನು ಗಂಡಸರು ತೋಳು ಹಿಡಿದು, ಎಲ್ಲಿ ಆಯ್ತು, ಹೆಂಗೆ ಆಯ್ತು, ಉಳಿದೋರು ಬದುಕಿದಾರಾ ಎಂದು ಶುರುಮಾಡಿದರು. ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ, ನಮಗೆ ಬಾಗಿಲು ತೆರೆಯುವವರಿಲ್ಲ. ಯಜಮಾನರು ಪಟ್ಟಿ ಬಿಚ್ಚುವ ಗುಂಡಿ ಹುಡುಕುತ್ತಿದ್ದರು. ನಾನು ಗಾಜು ಬಡಿದೆ. ಒಳಗೆ ಇಬ್ಬರು ಹೆಂಗಸರನ್ನು ಕಟ್ಟಿಹಾಕಿದ್ದಾರೆ ಎಂದು ಯಾರೋ ಕೂಗಿದರು. ಕೊನೆಗೆ ಅತ್ತೆ ಕೈ ತೂರುವಷ್ಟಿದ್ದ ಕಿಟಕಿಗೆ ಬಾಯಿ ಹಚ್ಚಿ ಹೇಳಿದರು. "ರಕ್ತ ಅಲ್ಲ ಕಣ್ರೀ, ಎಲೆಅಡಿಕೆ. ನಂದೇ."

ಜವಳ ಆಯಿತು. ಯಜಮಾನರು ಬೀಗರ ಅಂಗಿ ತೊಟ್ಟು ಕೂತರು. ನನ್ನ ಮೊಣಕೈ ಕುಂಬಳಕಾಯಿಯಂತೆ ಊದಿತ್ತು, ಮಗಳು ಬಿಸಿನೀರಿನ ಶಾಖ ಕೊಟ್ಟಳು. ಸಂಜೆ ಪಡಸಾಲೆಯಲ್ಲಿ ಹೆಂಗಸರೆಲ್ಲ ಸೇರಿದಾಗ ಅತ್ತೆಯದೇ ದರ್ಬಾರು. "ಇವತ್ತು ಆ ಪಟ್ಟಿ ಇರದಿದ್ರೆ ನಾನು ಎತ್ತಿನ ಕೊಂಬಿನ ಮ್ಯಾಲಿರ್ತಿದ್ದೆ ನೋಡ್ರಿ. ನಮ್ಮ ರುದ್ರ ತಂದದ್ದು. ಹೆಂಗೆ ಹಿಡೀತು ಅಂತೀರಿ."

"ಸೊಸೆ ಪಕ್ಕದಾಗೇ ಇದ್ರಲ್ರೀ, ಅವರು ಹಿಡೀಲಿಲ್ಲೇನು?" ಎಂದರು ಬೀಗಿತಿ.

"ಗಂಗಿ ಹಿಡ್ಕಂಡ್ರೆ ಸೀರೆ ಹಾಳಾಕ್ಕತಿ" ಎಂದರು ಅತ್ತೆ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ನೋಯುವ ಕೈಯಲ್ಲೇ ಅಡಿಕೆ ಕುಟ್ಟಿ ಸಂಚಿ ತುಂಬಿದೆ. ತುಂಬಿದ ಸಂಚಿಯನ್ನು ಅತ್ತೆಗೆ ಕೊಡದೆ, ವ್ಯಾನಿನ ಹಿಂಬಾಗಿಲು ತೆಗೆಸಿ, ಬೀಗರು ಕೊಟ್ಟ ಅಕ್ಕಿ ಮೂಟೆಯ ಕೆಳಗೆ ಸೇರಿಸಿದೆ. ಪಟ್ಟಿ ಕಟ್ಟಿಕೊಂಡವರ ಕೈ ಅಲ್ಲಿಗೆ ಎಟುಕುವುದಿಲ್ಲ ಎಂದು ನೋಡಿಯೇ ಇಟ್ಟೆ. ಅತ್ತೆ ಸಂಚಿ ಕೇಳಿದಾಗ ಗಾಡಿಯಲ್ಲಿದೆ ಎಂದೆ, ಅದು ಸುಳ್ಳೂ ಅಲ್ಲ. ಆಮೇಲೆ ಯಾರೂ ಹೇಳದೆ ಹತ್ತಿ ಕೂತು ನಾನೇ ಟಕ್ ಎನ್ನಿಸಿಕೊಂಡೆ. ಅತ್ತೆಯೂ ಕರಡಿಗೆ ಎತ್ತಿ ಹೊರಗೆ ಬಿಟ್ಟು, ಟಕ್ ಎನ್ನಿಸಿ, ಬೀಗಿತಿಗೆ ಕೈ ಬೀಸಿದರು. ಹೊನ್ನಾಳಿ ಸೇತುವೆಯ ಮೇಲೆ ನನ್ನ ಬಾಯಿ ಒಣಗಿತು. ಕೈ ಅಭ್ಯಾಸದಂತೆ ಅತ್ತೆಯ ಸೊಂಟದ ಕಡೆ ಹೋಯಿತು. ಆಗ ನೆನಪಾಯಿತು, ನನ್ನ ಎಲೆಅಡಿಕೆಯೂ ಅದೇ ಸಂಚಿಯಲ್ಲಿದೆ.

"ರುದ್ರೇಶ, ಒಂದು ಗಳಿಗೆ ನಿಲ್ಲಿಸಪ್ಪ" ಎಂದೆ.

"ಇನ್ನು ಚನ್ನಗಿರಿಗೇ ಅತ್ತಿಗಮ್ಮ" ಎಂದ.

ಬಾಗಿಲಿಗೆ ಕೊಕ್ಕೆ, ಮೈಗೆ ಪಟ್ಟಿ, ಬಾಯಿಗೆ ಅಡಿಕೆಯಿಲ್ಲ. ಅತ್ತೆ ತಮ್ಮ ಖಾಲಿ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. ನಾನು ಮದುವೆಯಾಗಿ ಬಂದ ದಿನ ಒಲೆಯ ಮೇಲಿನ ಹಾಲು ಉಕ್ಕಿಸಿ ಹಾಳು ಮಾಡಿದ್ದೆನಲ್ಲ, ಅಲ್ಲಿಂದ ಶುರು ಮಾಡಿದರು.